ದಿನಾ ದೀಪ, ಆಗಾಗ ಯಾತ್ರೆ: ಬಸ್ ಡ್ರೈವರ್ ಒಬ್ಬ ಕಲಿತ ಪೂಜೆ

ನಾನು 31 ವರ್ಷ ಬಸ್ ಓಡಿಸಿದವನು. ಮೊದಲು ರೂಟ್ ಬಸ್, ಕೊನೆಯ 12 ವರ್ಷ ಯಾತ್ರೆ ಬಸ್. ಧರ್ಮಸ್ಥಳ, ಕುಕ್ಕೆ, ತಿರುಪತಿ, ರಾಮೇಶ್ವರ, ಶಬರಿಮಲೆ, ಮೂರು ಸಲ ಕಾಶಿ. ಎಷ್ಟು ಜನರನ್ನು ದೇವರ ಬಾಗಿಲಿಗೆ ಇಳಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಮೈಸೂರಿನ ನಮ್ಮ ಮನೆಯಲ್ಲಿ, ಅಡುಗೆಮನೆ ಪಕ್ಕದ ಗೋಡೆ ಗೂಡಿನ ದೇವರಿಗೆ ಒಂದು ದೀಪ ಹಚ್ಚುವುದು ನನಗೆ 60 ದಾಟುವವರೆಗೂ ಗೊತ್ತಿರಲಿಲ್ಲ. ಅದು ಮನೆಯವಳ ಇಲಾಖೆ. ನಾನು ಸ್ನಾನ ಮಾಡಿ ಬಂದು, ಕೈ ಮುಗಿದು, ಹಣೆಗೆ ವಿಭೂತಿ ಎಳೆದುಕೊಂಡು ಡ್ಯೂಟಿಗೆ ಹೊರಡುತ್ತಿದ್ದೆ, ಅಷ್ಟೆ.

ಮಗಳ ಬಾಣಂತನಕ್ಕೆ ಅವಳು ಪುಣೆಗೆ ಹೋದಾಗ ಸಿಕ್ಕಿಬಿದ್ದೆ. ಪೂರ್ತಿ ಐದು ತಿಂಗಳು. ರೈಲು ಹತ್ತುವಾಗ ಗ್ಯಾಸ್ ಬಗ್ಗೆ ಹೇಳಲಿಲ್ಲ, ಹಾಲಿನವನ ಲೆಕ್ಕ ಹೇಳಲಿಲ್ಲ. "ರೀ, ದೀಪ ಮಾತ್ರ ತಪ್ಪಿಸಬೇಡಿ" ಅಂದಳು. ಆ ಐದು ತಿಂಗಳಲ್ಲಿ ಫೋನಿನಲ್ಲಿ ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ತಡವಾಗಿ ಶುರು ಮಾಡುವವರಿಗೆ, ಬಾಡಿಗೆ ರೂಮಿನಲ್ಲಿ ಒಬ್ಬರೇ ಇರುವ ಹುಡುಗ ಹುಡುಗಿಯರಿಗೆ ಉಪಯೋಗಕ್ಕೆ ಬರಬಹುದು. ಮಂತ್ರ, ಮಡಿ ಎಲ್ಲ ಬಲ್ಲವರಿಗೆ ಇದು ಬೇಕಾಗಿಲ್ಲ.

ಮೊದಲ ದಿನ ಗೂಡಿನ ಮುಂದೆ ನಿಂತು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಇದನ್ನು ನಾನು ಬಸ್ಸಿನಲ್ಲಿ ಮಾಡುತ್ತಲೇ ಇದ್ದೆನಲ್ಲ! ಬೆಳಗ್ಗೆ ಗಾಡಿ ಹತ್ತಿದ ಕೂಡಲೇ ಮುಂದಿನ ಗಾಜು ಒರೆಸುತ್ತಿದ್ದೆ. ಚಾಮುಂಡಿ ಫೋಟೋದ ಬಾಡಿದ ಹೂ ತೆಗೆದು ಹೊಸದೊಂದು ಮೊಳ ಹಾಕುತ್ತಿದ್ದೆ. ಊದುಬತ್ತಿ ಬೆಳಗಿ, ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೀ ತಿರುಗಿಸುತ್ತಿದ್ದೆ. ಇದನ್ನು ಬಿಟ್ಟ ದಿನ ಗಾಡಿ ಎತ್ತಲು ಮನಸ್ಸೇ ಬರುತ್ತಿರಲಿಲ್ಲ. ಮನೆ ಪೂಜೆಯೂ ಹೆಚ್ಚೂಕಮ್ಮಿ ಇದೇ. ಒರೆಸಬೇಕು, ಹಳೆಯದು ತೆಗೆಯಬೇಕು, ಹೊಸದು ಇಡಬೇಕು, ಬೆಳಗಬೇಕು, ನಮಸ್ಕಾರ ಮಾಡಬೇಕು.

ಶಾಸ್ತ್ರದಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಹದಿನಾರು ಉಪಚಾರ ಇದ್ದರೆ ಷೋಡಶೋಪಚಾರ, ಐದಿದ್ದರೆ ಪಂಚೋಪಚಾರ. ಹದಿನಾರನ್ನೂ ಒಂದೊಂದಾಗಿ ನೋಡಿದರೆ ಮನೆಗೆ ನೆಂಟರು ಬಂದಾಗ ನಾವು ಮಾಡುವುದೇ ಅದು. ಬನ್ನಿ ಅನ್ನುವುದು, ಕೂರಲು ಮಣೆ, ಕಾಲಿಗೆ ನೀರು, ಕುಡಿಯಲು ನೀರು, ಸ್ನಾನ, ಉಡಲು ಬಟ್ಟೆ, ಗಂಧ, ಹೂವು, ಊಟ. ದಿನಾ ಅಷ್ಟೆಲ್ಲ ಆಗುವುದಿಲ್ಲ. ಗಂಧ, ಹೂವು, ಧೂಪ, ದೀಪ, ನೈವೇದ್ಯ, ಈ ಐದು ಸಾಕು. ಅದೂ ಆಗದ ದಿನ ದೀಪ ಒಂದು ಹಚ್ಚಿ ನಿಂತರೂ ನಡೆಯುತ್ತದೆ. ಹದಿನಾರು ಬೇಕಾದರೆ ಹಬ್ಬ ಇದ್ದೇ ಇದೆ.

ಜಾಗ ಮತ್ತು ಫೋಟೋಗಳು

ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕೂರುವ ಹಾಗಿದ್ದರೆ ಒಳ್ಳೆಯದು ಅಂತಾರೆ. ಬಾಡಿಗೆ ಮನೆಯಲ್ಲಿ ಗೋಡೆ ಎಲ್ಲಿದೆಯೋ ಅಲ್ಲೇ. ನೀರು ಬೀಳದ, ಚಪ್ಪಲಿ ಓಡಾಡದ, ಗಾಳಿಗೆ ದೀಪ ಆರದ ಒಂದು ಮೂಲೆ ಸಿಕ್ಕರೆ ಮುಗಿಯಿತು.

ಒಂದು ಮಾತು ಮಾತ್ರ ಖಂಡಿತ ಕೇಳಿ. ದೇವರನ್ನು ಜಾಸ್ತಿ ಮಾಡಿಕೊಳ್ಳಬೇಡಿ. ಪ್ರತಿ ಕ್ಷೇತ್ರದಿಂದಲೂ ನಾನು ಒಂದೊಂದು ಫೋಟೋ ತರುತ್ತಿದ್ದೆ. ಗೂಡಿನಲ್ಲಿ 14 ಆಗಿದ್ದವು. ಅವಳು ಇರುವಾಗ ನನಗೆ ಗೊತ್ತಾಗಲಿಲ್ಲ. ನಾನೇ ದಿನಾ 14 ಫೋಟೋ ಒರೆಸಿ, 14ಕ್ಕೂ ಗಂಧ ಇಟ್ಟು, ಹೂ ಸಿಕ್ಕಿಸುವಾಗ ಸೊಂಟ ಹಿಡಿಯಿತು. ಈಗ ಎದುರಿಗೆ ಮೂರೇ ಇಟ್ಟಿದ್ದೇವೆ. ಗಣಪತಿ, ನಮ್ಮ ಮನೆದೇವರು ಮಾದಪ್ಪ, ಅವಳ ಇಷ್ಟದ ಚಾಮುಂಡಿ. ಉಳಿದವರು ಹಾಲ್‌ನ ಗೋಡೆಯಲ್ಲಿದ್ದಾರೆ. ಗಾಜು ಒಡೆದದ್ದನ್ನು ಅರಳಿಮರದ ಬುಡಕ್ಕೆ ಇಟ್ಟು ಬರುವ ಚಾಳಿ ಎಲ್ಲ ಊರಲ್ಲೂ ಇದೆ, ದಯವಿಟ್ಟು ಬೇಡ. ಪ್ರದಕ್ಷಿಣೆ ಹಾಕುವವರ ಕಾಲಿಗೆ ಗಾಜು ಚುಚ್ಚುತ್ತದೆ. ಚೌಕಟ್ಟು ಬಿಚ್ಚಿ ಗಾಜು ಬೇರೆ ಹಾಕಿ, ಕಾಗದವನ್ನು ಗಿಡದ ಬುಡದ ಮಣ್ಣಿಗೆ ಸೇರಿಸಿದರೆ ಸಾಕು.

ದೀಪ

ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಯಾಕೆಂದರೆ ಕೈ ಸುಟ್ಟುಕೊಂಡದ್ದು ಇಲ್ಲೇ.

ಮೊದಲ ವಾರ ನನ್ನ ದೀಪ ಹತ್ತು ನಿಮಿಷಕ್ಕೆ ಆರಿಹೋಗುತ್ತಿತ್ತು. ಫೋನ್ ಮಾಡಿದರೆ, "ಬತ್ತಿ ಎಣ್ಣೇಲಿ ನೆನೆಸಿದ್ರಾ?" ಅಂದಳು. ಇಲ್ಲ. ಒಣ ಬತ್ತಿ ಇಟ್ಟು, ಮೇಲೆ ಎಣ್ಣೆ ಸುರಿದು, ಕಡ್ಡಿ ಗೀರುತ್ತಿದ್ದೆ. ಕ್ರಮ ಹೀಗಿದೆ. ಎರಡು ಬತ್ತಿ ತೆಗೆದುಕೊಳ್ಳಿ. ಒಂಟಿ ಬತ್ತಿ ಹಚ್ಚುವುದಿಲ್ಲ ಅನ್ನುವುದು ನಮ್ಮ ಕಡೆಯ ಪದ್ಧತಿ. ಎರಡನ್ನೂ ಅಂಗೈಯಲ್ಲಿ ಸೇರಿಸಿ ಹೊಸೆಯಿರಿ. ಪೂರ್ತಿ ಎಣ್ಣೆಯಲ್ಲಿ ಅದ್ದಿ, ತುದಿಯನ್ನು ಮಾತ್ರ ಬೆರಳಲ್ಲಿ ಹಿಂಡಿ ಚೂಪು ಮಾಡಿ. ಆ ತುದಿ ದೀಪದ ಅಂಚಿನಿಂದ ಒಂದು ಭತ್ತದ ಕಾಳಿನಷ್ಟು ಹೊರಗೆ ಇರಲಿ. ಅದಕ್ಕಿಂತ ಜಾಸ್ತಿ ಇದ್ದರೆ ಹೊಗೆ ಬಂದು ಗೋಡೆ ಕಪ್ಪಾಗುತ್ತದೆ, ಕಮ್ಮಿ ಇದ್ದರೆ ಎಣ್ಣೆಯಲ್ಲಿ ಮುಳುಗಿ ಆರುತ್ತದೆ. ಉರಿ ಸಣ್ಣಗೆ, ಅಲ್ಲಾಡದೆ ನಿಂತರೆ ಸರಿಯಾಗಿದೆ ಅಂತ ಅರ್ಥ.

ಎಣ್ಣೆ ಎಳ್ಳೆಣ್ಣೆಯಾದರೆ ಒಳ್ಳೆಯದು, ತುಪ್ಪ ಇನ್ನೂ ಒಳ್ಳೆಯದು. 'ದೀಪದ ಎಣ್ಣೆ' ಅಂತ ಮಾರುವುದರಲ್ಲಿ ಏನೇನು ಬೆರೆಸಿರುತ್ತಾರೋ, ಕೆಲವು ವಿಪರೀತ ಹೊಗೆಯಾಡುತ್ತವೆ. ದುಡ್ಡು ಉಳಿಸಬೇಕಾದರೆ ಒಳ್ಳೆ ಎಣ್ಣೆಯನ್ನೇ ಸ್ವಲ್ಪ ಹಾಕಿ. ಅರ್ಧ ಗಂಟೆ ಉರಿದರೆ ಏನು ಕಮ್ಮಿಯಾಯಿತು? ಹಿತ್ತಾಳೆ ದೀಪವನ್ನು ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ. ಗುರುವಾರ ಸಂಜೆ ತಿಕ್ಕಿಟ್ಟರೆ ಶುಕ್ರವಾರಕ್ಕೆ ಥಳಥಳ ಅನ್ನುತ್ತದೆ.

ಇನ್ನು ನನ್ನ ಅವಾಂತರ. ನಮ್ಮ ಗೂಡಿಗೆ ಪ್ಲೈವುಡ್ ಬಾಗಿಲಿದೆ. ಪಕ್ಕದ ಮನೆ ಬೆಕ್ಕು ನೈವೇದ್ಯದ ಹಾಲಿಗೆ ಬಾಯಿ ಹಾಕುತ್ತದೆ ಅಂತ, ಒಂದು ದಿನ ದೀಪ ಉರಿಯುತ್ತಿರುವಾಗಲೇ ಬಾಗಿಲು ಮುಚ್ಚಿ ಹಾಲು ತರಲು ಹೋದೆ. ಬರುವಷ್ಟರಲ್ಲಿ ಸುಟ್ಟ ವಾಸನೆ. ಮೇಲಿನ ಹಲಗೆ ಅಂಗೈ ಅಗಲ ಕಪ್ಪಾಗಿತ್ತು, ಚಾಮುಂಡಿ ಫೋಟೋದ ಗಾಜು ಸೀಳಿತ್ತು. ಸುದ್ದಿ ಮುಚ್ಚಿಟ್ಟೆ. ಆ ಭಾನುವಾರ ಮೊಮ್ಮಗನನ್ನು ವಿಡಿಯೋ ಕಾಲ್‌ನಲ್ಲಿ ತೋರಿಸುವಾಗ, "ಎಲ್ಲಿ, ದೇವರ ಕಡೆ ತಿರುಗಿಸಿ, ಮಗು ನೋಡಲಿ" ಅಂದಳು. ತಿರುಗಿಸಿದೆ. ಮಗು ಏನೂ ನೋಡಲಿಲ್ಲ, ಅವಳು ಎಲ್ಲ ನೋಡಿದಳು. ಬರೆದಿಟ್ಟುಕೊಳ್ಳಿ. ದೀಪದ ಮೇಲೆ ಎರಡು ಅಡಿಯಾದರೂ ಖಾಲಿ ಇರಬೇಕು. ಪರದೆ, ಪ್ಲಾಸ್ಟಿಕ್ ಹಾರ ಹತ್ತಿರ ಇರಬಾರದು. ಉರಿಯುವ ದೀಪಕ್ಕೆ ಬಾಗಿಲು ಹಾಕಬಾರದು, ಅದನ್ನು ಬಿಟ್ಟು ಮನೆಯಿಂದ ಹೊರಗೂ ಹೋಗಬಾರದು. ಹೊರಡಲೇಬೇಕಾದರೆ ಬಾಯಲ್ಲಿ ಊದದೆ, ಹೂವಿನಿಂದಲೋ ಬತ್ತಿಯನ್ನು ಎಣ್ಣೆಗೆ ಎಳೆದೋ ಶಾಂತ ಮಾಡಿ. ನಮ್ಮ ಮನೆಯಲ್ಲಿ ದೀಪ 'ಆರಿಸು' ಅನ್ನುವುದಿಲ್ಲ, 'ಶಾಂತ ಮಾಡು' ಅಂತಲೇ ಅನ್ನುವುದು.

ಚೊಂಬಿನ ನೀರು

ಬೆಳಗ್ಗೆ ಒಂದು ತಾಮ್ರದ ಚೊಂಬಿಗೆ ಹೊಸ ನೀರು ಹಿಡಿದು ದೇವರ ಮುಂದೆ ಇಡಬೇಕು. ಅವಳು ನೀರು ತುಂಬುವಾಗ ಏನೋ ಗುಣುಗುಣು ಅನ್ನುತ್ತಿದ್ದದ್ದು ಕೇಳಿದ್ದೆ, ಏನು ಅಂತ ಕೇಳಿರಲಿಲ್ಲ. ಫೋನಿನಲ್ಲಿ ಬರೆಸಿದಳು.

"ಗಂಗೇ ಚ ಯಮುನೇ ಚೈವ ಗೋದಾವರಿ ಸರಸ್ವತಿ, ನರ್ಮದೇ ಸಿಂಧು ಕಾವೇರಿ ಜಲೇಸ್ಮಿನ್ ಸನ್ನಿಧಿಂ ಕುರು."

ಏಳು ನದಿಗಳ ಹೆಸರು ಹಿಡಿದು ಕರೆದು, ಈ ನೀರಿಗೆ ಬಂದು ನೆಲೆಸಿ ಅನ್ನುವುದು. ಸ್ನಾನಕ್ಕೂ ಹೇಳುತ್ತಾರೆ, ಪೂಜೆಯ ಕಲಶಕ್ಕೂ ಹೇಳುತ್ತಾರೆ. ಬರೆದುಕೊಂಡ ಮೇಲೆ ಬೆರಳು ಮಡಿಸಿ ಎಣಿಸಿದೆ. ಏಳರಲ್ಲಿ ಐದನ್ನು ನಾನು ಬಸ್ಸಿನಲ್ಲಿ ದಾಟಿದ್ದೇನೆ! ಶ್ರೀರಂಗಪಟ್ಟಣದ ಸೇತುವೆ ಬಂತೆಂದರೆ ಕಿಟಕಿಯಿಂದ ಕಾಸು ಎಸೆಯುವವರಿಗಾಗಿ ಬಸ್ ನಿಧಾನ ಮಾಡಿ ಕಾವೇರಿ ದಾಟಿದ್ದು ಸಾವಿರ ಸಲ. ಕಾಶಿ ದಾರಿಯಲ್ಲಿ ಗೋದಾವರಿ, ನರ್ಮದೆ. ಪ್ರಯಾಗದ ನೈನಿ ಸೇತುವೆಯಲ್ಲಿ ಯಮುನೆ. ಆಮೇಲೆ ಗಂಗೆ. ಸಿಂಧು ದೂರದ ಲಡಾಖ್ ಕಡೆಯದು, ಸರಸ್ವತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳು ನಮ್ಮ ನಲ್ಲಿ ಕೆಳಗೆ ನಿಂತು ದಿನಾ ಕರೆಯುತ್ತಿದ್ದವರ ಮನೆಗೆ ನಾನು ಹೋಗಿ ಬಂದಿದ್ದೆ, ಹೆಸರು ಕರೆಯದೆ. ಯಾತ್ರೆ ಅಂದರೆ ಏನು ಅನ್ನುವುದು ನನಗೆ ಸ್ವಲ್ಪವಾದರೂ ತಲೆಗೆ ಹೋದದ್ದು ಆವತ್ತು. ಮನೆಯಲ್ಲಿ ದಿನಾ ಕರೆಸಿಕೊಳ್ಳುತ್ತೇವೆ, ಆಗಾಗ ನಾವೂ ಅವರಿದ್ದಲ್ಲಿಗೆ ಹೋಗಿ ಮುಖ ತೋರಿಸಿ ಬರಬೇಕಲ್ವಾ? ನೆಂಟಸ್ತಿಕೆ ಒಂದೇ ಕಡೆಯಿಂದ ನಡೆಯುವುದಿಲ್ಲ. ಅಂದಹಾಗೆ, ಮೈಸೂರಿನ ನಲ್ಲಿಗೆ ಬರುವ ನೀರು ಕಾವೇರಿ ಮತ್ತು ಕಪಿಲೆಯದ್ದೇ. ಹಾಗಾಗಿ ಕಾವೇರಿ ಅನ್ನುವಾಗ ದೂರಕ್ಕೆ ಕೂಗಬೇಕಾಗಿಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ

ಸ್ನಾನ ಆದ ಮೇಲೆ ನಿನ್ನೆಯ ಹೂ ತೆಗೆಯಿರಿ. ಅದಕ್ಕೆ ನಿರ್ಮಾಲ್ಯ ಅನ್ನುತ್ತಾರೆ. ಕವರ್‌ನಲ್ಲಿ ಕಟ್ಟಿ ಹೊಳೆಗೆ ಎಸೆಯಬೇಡಿ, ಕುಂಡದ ಗಿಡಕ್ಕೆ ಹಾಕಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಉಂಗುರದ ಬೆರಳಿನಲ್ಲಿ ಗಂಧ, ಕುಂಕುಮ ಇಡಿ. ಮೊದಲು ಗಣಪತಿಗೆ, ಆಮೇಲೆ ಮನೆದೇವರಿಗೆ. ಗಣಪತಿಗೆ ಗರಿಕೆ ಇಷ್ಟ, ತುಳಸಿ ಏರಿಸುವುದಿಲ್ಲ. ಶಿವನಿಗೆ ಬಿಲ್ವಪತ್ರೆ, ಕೇದಗೆ ಆಗದು. ಹೂವನ್ನು ಮೂಸಿ ನೋಡಿ ಇಡಬಾರದು. ಹೂವೇ ಇಲ್ಲದ ದಿನ ನಾಲ್ಕು ಕಾಳು ಅಕ್ಷತೆ ನಡೆಯುತ್ತದೆ.

ನೈವೇದ್ಯಕ್ಕೆ ಒಂದು ಲೋಟ ಹಾಲು ಸಕ್ಕರೆ, ಒಂದು ಬಾಳೆಹಣ್ಣು, ಒಂದು ಚೂರು ಬೆಲ್ಲ, ಯಾವುದಾದರೂ ಸರಿ. ರುಚಿ ನೋಡದೆ ಇಡಬೇಕು, ಸುತ್ತ ಒಂದು ಹನಿ ನೀರು ಬಿಡಬೇಕು. ಭಕ್ತಿಯಿಂದ ಕೊಟ್ಟ ಎಲೆ, ಹೂವು, ಹಣ್ಣು, ನೀರು ಯಾವುದಾದರೂ ತೆಗೆದುಕೊಳ್ಳುತ್ತೇನೆ ಅಂತ ಗೀತೆಯ 9ನೇ ಅಧ್ಯಾಯದಲ್ಲಿ ಕೃಷ್ಣನೇ ಹೇಳಿದ್ದಾನೆ. ಹಾಗಿರುವಾಗ, ಪಾಯಸ ಮಾಡಲು ಬರುವುದಿಲ್ಲ ಅಂತ ಪೂಜೆ ಬಿಡುವ ನೆಪ ನಿಮಗಿಲ್ಲ.

ಆರತಿ ಮಾತ್ರ ಅಭ್ಯಾಸ ಬೇಕು. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಆರತಿ. ಆರತಿ ಗಡಿಯಾರದ ಮುಳ್ಳಿನ ಹಾಗೆ ಸುತ್ತಬೇಕು, ಗಂಟೆ ತನ್ನ ಪಾಡಿಗೆ ಬಡಿಯುತ್ತಿರಬೇಕು. ಮೊದಮೊದಲು ಗಂಟೆ ನಿಂತರೆ ಆರತಿ ಓಡುತ್ತಿತ್ತು, ಆರತಿ ನಿಂತರೆ ಗಂಟೆ. ಕ್ಲಚ್ಚು ಗೇರು ಕಲಿಯುವ ಹುಡುಗರಂತೆ. ಒಂದು ವಾರಕ್ಕೆ ಕೈಗೆ ಬರುತ್ತದೆ. ಆರತಿಯ ಬೆಳಕಿಗೆ ಅಂಗೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳಿ. ನಿಂತಲ್ಲೇ ಬಲಕ್ಕೆ ಒಂದು ಸುತ್ತು ಸುತ್ತಿ ನಮಸ್ಕಾರ ಮಾಡಿ. ಅದು ಆತ್ಮಪ್ರದಕ್ಷಿಣೆ. ಅಪ್ಪ ಅಮ್ಮನನ್ನು ಸುತ್ತಿ ಜಗತ್ತನ್ನೇ ಸುತ್ತಿದೆ ಅಂದ ಗಣಪತಿಯ ಕಥೆ ಗೊತ್ತಲ್ಲ, ಆ ಲೆಕ್ಕದಲ್ಲಿ ಇದೊಂದು ಸಣ್ಣ ಯಾತ್ರೆಯೇ.

ಏನು ಹೇಳಬೇಕು? ಶಾಲೆಯಲ್ಲಿ ಕಲಿತ ವಕ್ರತುಂಡ ನೆನಪಿದ್ದರೆ ಅದು. ನಾನು ಮೂರು ಸಲ "ಉಘೇ ಮಾದಪ್ಪ" ಅಂತೀನಿ. ಆಮೇಲೆ ಕನ್ನಡದಲ್ಲೇ ಮಾತಾಡುತ್ತೇನೆ. ಮಗಳಿಗೆ ನಿದ್ದೆ ಇಲ್ಲವಂತೆ, ಮಗು ರಾತ್ರಿಯೆಲ್ಲ ಅಳುತ್ತದಂತೆ, ಸ್ವಲ್ಪ ನೋಡ್ಕೊಳ್ಳಪ್ಪಾ. ಎಲ್ಲ ಸೇರಿ 15 ನಿಮಿಷ. ಸಂಜೆ ದೀಪ ಹಚ್ಚಿ ಕೈ ಮುಗಿದರೆ ಸಾಕು.

ಒಮ್ಮೆ ಜ್ವರ ಬಂದು ಎರಡು ದಿನ ತಪ್ಪಿತು. ಹೆದರಿಕೊಂಡೇ ಹೇಳಿದೆ. "ದೇವರೇನು ಹಾಜರಿ ಪುಸ್ತಕ ಇಟ್ಕೊಂಡಿದಾನಾ? ಕಷಾಯ ಕುಡಿದು ಮಲಗಿ" ಅಂದಳು. ರೈಲು ಹತ್ತುವಾಗ ದೀಪ ತಪ್ಪಿಸಬೇಡಿ ಅಂದವಳೂ ಇವಳೇ. ಹುಟ್ಟು ಸಾವಿನ ಸೂತಕದಲ್ಲಿ ಪೂಜೆ ನಿಲ್ಲುತ್ತದೆ. ಎಷ್ಟು ದಿನ ಅನ್ನುವುದನ್ನು ನಿಮ್ಮ ಮನೆಯ ಹಿರಿಯರನ್ನೇ ಕೇಳಿ, ಮನೆತನದಿಂದ ಮನೆತನಕ್ಕೆ ಬೇರೆ.

ತೀರ್ಥ ಅಂದರೆ ದಾಟುವ ಜಾಗ

ಇನ್ನು ನನಗೆ ಗೊತ್ತಿರುವ ವಿಷಯಕ್ಕೆ ಬರುತ್ತೇನೆ.

ದೇವಸ್ಥಾನದಲ್ಲಿ ಅಂಗೈಗೆ ಹಾಕುವ ನೀರಿಗೂ ತೀರ್ಥ ಅನ್ನುತ್ತೇವೆ, ಕಾಶಿ ರಾಮೇಶ್ವರಕ್ಕೂ ತೀರ್ಥ ಅನ್ನುತ್ತೇವೆ. ಆ ಮಾತಿನ ಮೂಲ ಅರ್ಥ ಹೊಳೆ ದಾಟುವ ಜಾಗ ಅಂತ. ನಮ್ಮಜ್ಜಿಯ ಊರಿನ ಹೊಳೆಗೆ ಆಗ ಸೇತುವೆ ಇರಲಿಲ್ಲ. ಗಾಡಿಗಳು ಒಂದೇ ಕಡೆ ನೀರಿಗಿಳಿಯುತ್ತಿದ್ದವು. ಅಲ್ಲಿ ಮೊಣಕಾಲುದ್ದ ನೀರು, ಕಾಲಡಿ ಗಟ್ಟಿ ಮರಳು. ಹತ್ತು ಮಾರು ಆಚೆ ಹೋದರೆ ಮಡು, ಎತ್ತು ಸಮೇತ ಗಾಡಿ ಮುಳುಗುತ್ತದೆ. ಹೊಳೆ ಉದ್ದಕ್ಕೂ ಅದೇ ನೀರು. ಆದರೂ ದಾಟಲು ಆಗುವುದು ಅಲ್ಲಿ ಮಾತ್ರ, ಯಾಕೆಂದರೆ ಹಿಂದಿನವರು ಎಷ್ಟೋ ಜನ ಅಲ್ಲೇ ದಾಟಿ ತೋರಿಸಿದ್ದಾರೆ. ದೇವರು ಎಲ್ಲ ಕಡೆ ಇರುವಾಗ ತಿರುಪತಿಗೆ ಯಾಕೆ ಹೋಗಬೇಕು ಅಂತ ನನ್ನನ್ನು ಕೇಳಿದವರಿಗೆಲ್ಲ ನಾನು ಆ ಗಾಡಿ ಜಾಡನ್ನೇ ಹೇಳುವುದು.

ಮಹಾಭಾರತದ ವನಪರ್ವದಲ್ಲಿ ತೀರ್ಥಯಾತ್ರೆಯ ಮಾತು ಬರುತ್ತದೆ. ಯಜ್ಞ ಮಾಡಲು ಸಾಮಾನು ಬೇಕು, ಹಣ ಬೇಕು, ಬಡವನ ಕೈಯಲ್ಲಿ ಆಗುವುದಿಲ್ಲ. ತೀರ್ಥಕ್ಕೆ ಹೋಗುವುದು ಬಡವನಿಗೂ ಆಗುತ್ತದೆ, ಫಲ ಯಜ್ಞಕ್ಕಿಂತ ಕಮ್ಮಿಯಲ್ಲ ಅಂತ. ಆ ಫಲ ಯಾರಿಗೆ ಸಿಗುತ್ತದೆ ಅಂತಲೂ ಹೇಳಿದೆ. ಕೈ, ಕಾಲು, ಮನಸ್ಸು ಹಿಡಿತದಲ್ಲಿ ಇರುವವನಿಗೆ. ಬಡವನಿಗೂ ಫಲ ಉಂಟು ಅನ್ನುವ ಮೊದಲ ಮಾತನ್ನು ನಮ್ಮ ಜನ ಚೆನ್ನಾಗಿ ಹಿಡಿದುಕೊಂಡಿದ್ದಾರೆ. ಹಿಡಿತದ ಎರಡನೆಯ ಮಾತನ್ನು ಕಿಟಕಿ ಸೀಟಿಗೆ ಕಿತ್ತಾಡುವಾಗ ಮರೆಯುತ್ತಾರೆ.

ಹೊರಡುವ ಮುಂಚೆ

ಯಾತ್ರೆ ಶುರುವಾಗುವುದು ಬಸ್‌ಸ್ಟ್ಯಾಂಡಿನಲ್ಲಿ ಅಲ್ಲ, ದೇವರ ಗೂಡಿನ ಮುಂದೆ. ನಮ್ಮ ಕಡೆ ಮುಡಿಪು ಕಟ್ಟುತ್ತೇವೆ. ಕಷ್ಟ ಬಂದಾಗ, ಹೆರಿಗೆ ಹೊತ್ತಿನಲ್ಲಿ, ಒಂದು ಚೌಕ ಬಿಳಿ ಬಟ್ಟೆಯನ್ನು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿ, ಅದರಲ್ಲಿ ಕಾಣಿಕೆ ಕಾಸು ಇಟ್ಟು ಗಂಟು ಹಾಕಿ, "ಇಂಥ ಕೆಲಸ ಆಗಲಿ, ನಿನ್ನ ಸನ್ನಿಧಿಗೆ ಬಂದು ಒಪ್ಪಿಸುತ್ತೇವೆ" ಅಂತ ಗೂಡಿನಲ್ಲಿ ಇಡುವುದು. ಆ ಗಂಟು ದಿನಾ ಪೂಜೆ ಮಾಡುವಾಗ ಕಣ್ಣಿಗೆ ಬೀಳುತ್ತದೆ. ಹೋಗಬೇಕಾದ ದಾರಿ ಮನೆಯೊಳಗೇ ಇದ್ದ ಹಾಗೆ. ಹರಕೆ ಹೊರುವಾಗ ನಿಮ್ಮ ಕೈಲಾಗುವುದನ್ನು ಹೊರಿ. ಮಗ ಪಾಸಾದರೆ ಅಮ್ಮ ಉರುಳುಸೇವೆ ಮಾಡುತ್ತಾಳೆ ಅಂತ ಹರಕೆ ಹೊತ್ತ ಮಗನನ್ನೂ ನೋಡಿದ್ದೇನೆ.

ಸಂಕಲ್ಪವೂ ಮುಖ್ಯ. ಅರ್ಚಕರು ಸಂಕಲ್ಪ ಹೇಳುವಾಗ ಕಿವಿಗೊಡಿ. ಜಂಬೂದ್ವೀಪ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ದಡ, ಇಂಥ ಸಂವತ್ಸರ, ಇಂಥ ಮಾಸ, ಇಂಥ ತಿಥಿ, ಆಮೇಲೆ ನಿಮ್ಮ ಗೋತ್ರ, ನಕ್ಷತ್ರ, ಹೆಸರು. ನಾನು ಎಲ್ಲಿ ನಿಂತಿದ್ದೇನೆ, ಯಾವಾಗ ನಿಂತಿದ್ದೇನೆ ಅಂತ ದೇವರಿಗೆ ಕೊಡುವ ವಿಳಾಸ ಅದು. ಬಸ್ಸಿನ ಬೋರ್ಡು ಇದ್ದ ಹಾಗೆ. ಕಾಶಿಗೆ ಹೋಗುವಾಗ ಗೋದಾವರಿ ಸೇತುವೆ ದಾಟಿದ ಕೂಡಲೇ ಆ ವಿಳಾಸ ಹಿಂದೆ ಉಳಿಯುತ್ತದೆ. ಗೋತ್ರ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, ಅರ್ಚಕರಿಗೆ ಹಾಗೇ ಹೇಳಿ. ಮನೆಯಲ್ಲಾದರೆ ಇಂಥ ದಿನ, ಇಂಥ ಊರು, ನಾನು ಇಂಥವನು, ಈ ಕಾರಣಕ್ಕೆ ಹೊರಟಿದ್ದೇನೆ ಅಂತ ಕನ್ನಡದಲ್ಲಿ ಹೇಳಿ ಒಂದು ಉದ್ಧರಣೆ ನೀರು ಬಿಟ್ಟರೆ ಆಯಿತು.

ಮನೆ ಪೂಜೆಯೂ ಯಾತ್ರೆಯೂ ಸೇರಿ ಒಂದೇ ಆಗಿರುವುದನ್ನು ನೋಡಬೇಕಾದರೆ ಶಬರಿಮಲೆ ಮಾಲೆ ಹಾಕಿದವರನ್ನು ನೋಡಿ. ನಡೆಯುವುದು ಒಂದು ದಿನ, ಹತ್ತುವುದು 18 ಮೆಟ್ಟಿಲು, ಅದಕ್ಕೆ 41 ದಿನ ವ್ರತ. ಬೆಳಗ್ಗೆ ಸಂಜೆ ತಣ್ಣೀರು ಸ್ನಾನ, ಪೂಜೆ, ನೆಲದ ಮೇಲೆ ನಿದ್ದೆ. ತಲೆ ಮೇಲಿನ ಇರುಮುಡಿಗೆ ಎರಡು ಭಾಗ. ಮುಂದಿನದರಲ್ಲಿ ದೇವರಿಗೆ ತುಪ್ಪ ತುಂಬಿದ ತೆಂಗಿನಕಾಯಿ, ಹಿಂದಿನದರಲ್ಲಿ ತನಗೆ ಬೇಕಾದ ಬುತ್ತಿ. ಆ 41 ದಿನ ಬಸ್ಸಿನಲ್ಲಿ ಬೀಡಿ ಕೇಳುವವರಿಲ್ಲ, ಬೈಗುಳ ಕೇಳಿಸುವುದಿಲ್ಲ. ನನಗೆ ಅತಿ ಸುಲಭದ ಟ್ರಿಪ್ ಅಂದರೆ ಅದೇ. 42ನೇ ದಿನ ಏನಾಗುತ್ತದೆ ಅಂತ ಕೇಳಬೇಡಿ.

ದಾರಿಯಲ್ಲಿ, ಕ್ಷೇತ್ರದಲ್ಲಿ

ಡ್ರೈವರ್ ಮಾತು ಒಂದಿಷ್ಟು ಕೇಳಿ. ಆಗುಂಬೆಯ 14 ತಿರುವು ಇಳಿಯುವ ಮುಂಚೆ ಹೊಟ್ಟೆ ತುಂಬ ತಿನ್ನಬೇಡಿ. ಒಂದು ನಿಂಬೆಹಣ್ಣು ಕೈಯಲ್ಲಿರಲಿ. ತಿರುಮಲೆಗೆ ಅಲಿಪಿರಿಯಿಂದ ಸುಮಾರು 3,550 ಮೆಟ್ಟಿಲು, ಶ್ರೀವಾರಿ ಮೆಟ್ಟಿನಿಂದ 2,388. ಮಂಡಿ ನೋವಿದ್ದರೆ ಕಮ್ಮಿ ಇರುವುದನ್ನು ಹತ್ತಿ, ಅಥವಾ ಬಸ್ಸಲ್ಲೇ ಹೋಗಿ. ಅಭ್ಯಾಸಕ್ಕೆ ನಮಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಇದೆ. ಅಲ್ಲಿ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರನ್ನು ನೋಡಿ, ನಿಮ್ಮ ಮಂಡಿ ನೋವು ಮರೆತುಹೋಗುತ್ತದೆ.

ಒಂದು ದಿನಕ್ಕೆ ಎರಡು ಕ್ಷೇತ್ರಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಹತ್ತು ದಿನದ ಒಂದು ಟ್ರಿಪ್ಪಿನಲ್ಲಿ ಇಬ್ಬರು ಅಕ್ಕಪಕ್ಕದ ಸೀಟಿನಲ್ಲಿದ್ದರು. ಒಬ್ಬರು ಪಟ್ಟಿ ಹಿಡಿದುಕೊಂಡು ಬಂದಿದ್ದರು, ದೇವಸ್ಥಾನ ಮುಗಿದಂತೆ ಟಿಕ್ ಹಾಕುತ್ತಿದ್ದರು. ಮಧುರೆಗೆ ಬಸ್ ಹೋದಾಗ ಸುಸ್ತಾಗಿ ಗೊರಕೆ ಹೊಡೆಯುತ್ತಿದ್ದರು, ಎಬ್ಬಿಸಿದರೆ "ಆಯ್ತಾ?" ಅಂದರು. ಪಕ್ಕದಲ್ಲಿದ್ದ ಅಜ್ಜಿ ಎಲ್ಲಿ ಇಳಿದರೂ ದರ್ಶನ ಮುಗಿಸಿ ಜಗಲಿಯಲ್ಲಿ ಸುಮ್ನೆ ಕೂರುತ್ತಿದ್ದರು. ರಾಮೇಶ್ವರದಲ್ಲಿ 22 ಬಾವಿಯ ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲಿ ನಡುಗುತ್ತಾ ಬಂದವರು, "ಅಪ್ಪಾ, ಒಂದೊಂದು ಬಾವಿ ನೀರೂ ಒಂದೊಂದು ರುಚಿ ಕಣಪ್ಪಾ" ಅಂದರು. ಮನೆಗೆ ಹೋಗಿ ಹೇಳಲು ಅವರ ಹತ್ತಿರ ಏನೋ ಇತ್ತು. ದರ್ಶನ ಆದ ಮೇಲೆ ಐದು ನಿಮಿಷ ಕೂತು ಏಳುವುದು ಹಳೆಯ ಪದ್ಧತಿ, ಅದನ್ನು ಬಿಡಬೇಡಿ.

ಗೋಕರ್ಣದಲ್ಲಿ ಮೊದಲು ಸಮುದ್ರಸ್ನಾನ, ಆಮೇಲೆ ಮಹಾಗಣಪತಿ, ಆಮೇಲೆ ಆತ್ಮಲಿಂಗ. ಧರ್ಮಸ್ಥಳದಲ್ಲಿ ನೇತ್ರಾವತಿ, ಕುಕ್ಕೆಯಲ್ಲಿ ಕುಮಾರಧಾರೆ, ನಂಜನಗೂಡಿನಲ್ಲಿ ಕಪಿಲೆ. ಮೊದಲು ನೀರು, ಆಮೇಲೆ ದೇವರು. ಕರಾವಳಿಯ ಎಷ್ಟೋ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯಬೇಕು, ಒಂದು ಪಂಚೆ ಶಲ್ಯ ಚೀಲದಲ್ಲಿರಲಿ. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಹೊರಗೆ ಬೀಳುವ ಕಡೆಯನ್ನು ದಾಟಿ ಪೂರ್ತಿ ಸುತ್ತು ಹಾಕುವುದಿಲ್ಲ, ಅಲ್ಲಿಂದ ಹಿಂದಕ್ಕೆ ತಿರುಗುತ್ತಾರೆ. ಗೊತ್ತಾಗದಿದ್ದರೆ ಮುಂದಿರುವವರನ್ನು ನೋಡಿ ಮಾಡಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಬೈಸಿಕೊಳ್ಳಿ.

ಕಾಶಿಗೆ ಹೋದವರು ಇಷ್ಟದ ಒಂದು ತರಕಾರಿ ಅಥವಾ ಹಣ್ಣು ಬಿಟ್ಟು ಬರಬೇಕು ಅನ್ನುತ್ತಾರೆ. ನನ್ನವಳು ಈರನಗೆರೆ ಬದನೆಕಾಯಿ ಬಿಟ್ಟಳು. ಮೈಸೂರಿನವಳು ಅದನ್ನು ಬಿಡುವುದು ಎಂಥ ಕಷ್ಟ ಅಂತ ಮೈಸೂರಿನವರಿಗೇ ಗೊತ್ತು. ನಾನು ಜಾಣತನ ಮಾಡಿ, ಮೊದಲೇ ಇಷ್ಟವಿಲ್ಲದ ಹಾಗಲಕಾಯಿ ಬಿಟ್ಟೆ. ಈಗ ಸಕ್ಕರೆ ಕಾಯಿಲೆ ಬಂದಿದೆ. ಕಂಡವರೆಲ್ಲ "ಹಾಗಲಕಾಯಿ ತಿನ್ನಿ" ಅಂತಾರೆ. ಅವಳು ಒಂದು ಮಾತೂ ಆಡದೆ ನನ್ನ ಮುಖ ನೋಡುತ್ತಾಳೆ.

ಮನೆಗೆ ಬಂದ ಮೇಲೆ

ರಾಮೇಶ್ವರದ ಮರಳನ್ನು ಗಂಗೆಗೆ ಒಯ್ಯುವುದು, ಗಂಗೆಯ ನೀರನ್ನು ರಾಮೇಶ್ವರನ ಅಭಿಷೇಕಕ್ಕೆ ತರುವುದು ಕಾಶಿಯಾತ್ರೆಯ ಹಳೆಯ ಕ್ರಮ. ಅದು ಪೂರ್ತಿ ಆಗದವರೂ ಗಂಗೆಯ ಗಿಂಡಿ ಮನೆಗೆ ತರುತ್ತಾರೆ. ಬೆಸುಗೆ ಹಾಕಿದ ಸಣ್ಣ ತಾಮ್ರದ ಗಿಂಡಿ. ಕೊಳ್ಳುವಾಗ ತಲೆಕೆಳಗು ಮಾಡಿ ಒಂದು ನಿಮಿಷ ಹಿಡಿದು ನೋಡಿ. ನಮ್ಮ ಐದರಲ್ಲಿ ಎರಡು ಸೋರಿ, ಬಸ್ಸಿನ ಮೇಲಿನ ಕ್ಯಾರಿಯರ್‌ನಿಂದ ಗಂಗೆ ಕೆಳಗೆ ಮಲಗಿದ್ದವರ ಮೂಗಿನ ಮೇಲೆ ಇಳಿದಿದ್ದಳು. ಅವರು ಬೈದದ್ದು ಗಂಗೆಯನ್ನಲ್ಲ, ನನ್ನನ್ನು.

ಮನೆಗೆ ಬಂದ ಕೂಡಲೇ ಚೀಲ ಬಿಚ್ಚಬೇಡಿ. ಕೈಕಾಲು ತೊಳೆದು ಮೊದಲು ದೀಪ ಹಚ್ಚಿ. ಪ್ರಸಾದವನ್ನು ಗೂಡಿನಲ್ಲಿ ಇಟ್ಟು, ಹೋಗಿ ಬಂದೆವು ಅಂತ ಹೇಳಿ. ಆಮೇಲೆ ಅಕ್ಕಪಕ್ಕದವರಿಗೆ ಹಂಚಿ. ಲಾಡು ಒಂದು ಚೂರಾದರೂ ಸರಿ, ಹೋಗಲಾಗದವರ ಕೈ ಸೇರಬೇಕು. ಗಿಂಡಿಗೆ ಪೂಜೆ ಮಾಡಿ, ನಾಲ್ಕು ಜನರಿಗೆ ಊಟ ಹಾಕುವುದಕ್ಕೆ ಕಾಶಿ ಸಮಾರಾಧನೆ ಅನ್ನುತ್ತಾರೆ. ಅನುಕೂಲ ಇದ್ದಾಗ ಮಾಡಿ, ಸಾಲ ಮಾಡಿ ಮಾಡಬೇಡಿ.

ನಮ್ಮ ಗೂಡಿನಲ್ಲಿ ಈಗ ಒಂದು ಮುಡಿಪಿದೆ, ಮೊಮ್ಮಗ ಹುಟ್ಟಿದ ದಿನ ನಾನೇ ಕಟ್ಟಿದ್ದು. ಗಂಟು ಸ್ವಲ್ಪ ವಕ್ರವಾಗಿದೆ. ಬರುವ ಅಮಾವಾಸ್ಯೆಗೆ ಮಾದಪ್ಪನ ಬೆಟ್ಟದಲ್ಲಿ ಅವನ ಮೊದಲ ಮುಡಿ. ಮಗಳು ಅಳಿಯ ಪುಣೆಯಿಂದ ಬರುತ್ತಾರೆ. ಎಪ್ಪತ್ತೇಳು ಮಲೆಯ ಆ ತಿರುವುಗಳನ್ನು ನಾನು ಹಿಂದಿನ ಸೀಟಿನಲ್ಲಿ ಕೂತು ನೋಡುವುದು ಇದೇ ಮೊದಲು. ಎರಡು ದಿನ ಸಂಜೆ ದೀಪ ಹಚ್ಚಲು ಪಕ್ಕದ ಮನೆ ಹುಡುಗನಿಗೆ ಕೀ ಕೊಟ್ಟಿದ್ದೇವೆ. ಎರಡು ಬತ್ತಿ ಹೊಸೆಯುವುದು ತೋರಿಸಿದ್ದೇನೆ. ಕೈ ಮುಗಿದು, ದೀಪ ಶಾಂತ ಮಾಡಿಯೇ ಬೀಗ ಹಾಕು ಅಂದಿದ್ದೇನೆ. ಬೆಕ್ಕು ಬಂದರೂ ಗೂಡಿನ ಬಾಗಿಲು ಮಾತ್ರ ಮುಚ್ಚಬೇಡ ಅಂತ ಎರಡು ಸಲ ಹೇಳಿದ್ದೇನೆ.